ಫಿಲ್ಮಿಗೆ ಬಾರದ ಬ್ಯಾನಿ

ನಾನು ಓದು ಬಿಟ್ಟದ್ದು ೧೯೮೧ರಲ್ಲಿ, ಏಳನೇ ತರಗತಿಯ ನಡುವೆ. ಆಮೇಲೆ ಕಲಿತದ್ದೆಲ್ಲ ಕೈಯಿಂದಲೇ. ಶಹಾಪುರದ ಒಂದು ಖಾಸಗಿ ದವಾಖಾನೆಯಲ್ಲಿ ಕಸ ಹೊಡೆಯಲು ಸೇರಿದವನು ಕೆಲವೇ ವರ್ಷಗಳಲ್ಲಿ ಎಕ್ಸ್-ರೇ ಕೋಣೆಗೆ ಬಂದೆ. ರೋಗಿಯನ್ನು ಮಲಗಿಸಬೇಕು, ಉಸಿರು ಹಿಡಿಸಬೇಕು, ಆಮೇಲೆ ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆಯಬೇಕು. ನನ್ನ ಫಿಲ್ಮಿನ ಮೇಲೆ ಒಂದು ದಿನವೂ ಬೆರಳಿನ ಗುರುತು ಬಿದ್ದಿಲ್ಲ. ಕಲಬುರಗಿಯ ದೊಡ್ಡ ಡಾಕ್ಟರರೂ ಬೆಳಕಿಗೆ ಹಿಡಿದು, ಇದು ಸಾಯಿಬಣ್ಣನ ಕೈ ಎನ್ನುತ್ತಿದ್ದರು. ಜಂಬಕ್ಕೆ ಹೇಳುತ್ತಿಲ್ಲ. ಆ ಜಂಬದಿಂದಲೇ ಕೆಟ್ಟೆ.

೨೦೦೯ರ ಬೇಸಿಗೆಯಲ್ಲಿ ಸುರಪುರ ಕಡೆಯ ಹೊಳೆದಂಡೆಯ ಹಳ್ಳಿಯಿಂದ ಹಣಮಂತ ಎಂಬವನು ಹೆಂಡತಿ ಯಲ್ಲಮ್ಮನನ್ನು ಕರೆತಂದ. ಅವನು ಬಲೆ ಬೀಸುವವನು, ಆಕೆ ಮೀನಿನ ಬುಟ್ಟಿ ತಲೆ ಮೇಲೆ ಹೊತ್ತು ಊರೂರು ಮಾರುವವಳು. ಮೂರು ತಿಂಗಳಿಂದ ನಡು ನೋಯುತ್ತದೆ, ಬುಟ್ಟಿ ಹೊರಲಾರೆ ಎನ್ನುತ್ತಿದ್ದಳು. ಮನೆಯಲ್ಲಿ ಯಾರೂ ನಂಬಿರಲಿಲ್ಲ.

"ಫೋಟೋದಾಗ ಬ್ಯಾನಿ ಬಂತಂದ್ರ ಮನ್ಯಾಗ ಕುಂದ್ರಲಿ ಸಾಹೇಬ್ರ. ಬರಲಿಲ್ಲಂದ್ರ ನಾಳಿಂದ ಬುಟ್ಟಿ ಹೊರಬೇಕು. ಹಿಂಗ ಮಾತಾಗ್ಯದ," ಎಂದ ಹಣಮಂತ.

ನಮ್ಮ ಡಾಕ್ಟರರಿಗೆ ಭೌತಶಾಸ್ತ್ರದ ಹುಚ್ಚು. ಜಗತ್ತಿನಲ್ಲಿ ಇರುವುದು ಪರಮಾಣು ಮತ್ತು ಶಕ್ತಿ, ಉಳಿದದ್ದೆಲ್ಲ ಬರೀ ಮಾತು ಎಂದು ನಮಗೆ ದಿನಾ ಹೇಳುತ್ತಿದ್ದರು. ನಾನು ತೊಳೆದು ತಂದ ಫಿಲ್ಮ್ ನೋಡಿ, "ಎಲುಬು ಸಾಫ್ ಅದ. ಏನೂ ಇಲ್ಲ," ಎಂದರು.

ಯಲ್ಲಮ್ಮ ನನ್ನ ಕಡೆ ತಿರುಗಿದಳು. "ಅಣ್ಣಾ, ನೀವು ಇನ್ನೊಮ್ಮಿ ಚಂದಗ ನೋಡ್ರಿ. ಒಂದೀಟು ಮಸಕ ಬಂದಿರಬೇಕು."

ನನ್ನ ಫಿಲ್ಮಿಗೆ ಮಸುಕು ಎಂದಳಲ್ಲ! ತಡೆಯಲಾಗಲಿಲ್ಲ.

"ನನ್ನ ಕೈಯಾಗ ಮಸಕ ಬರೂದಿಲ್ಲವ್ವ. ಇದ್ದಿದ್ರ ಬರ್ತಿತ್ತು. ಬಂದಿಲ್ಲ ಅಂದ್ರ ಇಲ್ಲ."

ಹಣಮಂತ ನಕ್ಕ. "ಮಷೀನ್ ಸುಳ್ಳ ಹೇಳ್ತದೇನು? ನಡಿ." ಫಿಲ್ಮ್ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋದ.

ಎರಡು ವರ್ಷದ ಮೇಲೆ ಆಕೆ ಒಬ್ಬಳೇ ಬಂದಳು. ಬುಟ್ಟಿಯನ್ನು ಹೊರಗೆ ಕಟ್ಟೆಯ ಮೇಲೆ ಇಳಿಸಿ, ಗೋಡೆ ಹಿಡಿದು ಒಳಗೆ ನಡೆದಳು. ಸೆರಗಿನಡಿಯಿಂದ ಅದೇ ಫಿಲ್ಮ್ ತೆಗೆದಳು.

"ಇದನ್ನ ನೀವ ಇಟ್ಕೋರಿ ಅಣ್ಣಾ. ಗ್ವಾಡಿಗೆ ತೂಗಹಾಕ್ಯಾನ. ನಾ ನರಳಿದ್ರ ಬಿಸಲಿಗೆ ಹಿಡದು ತೋರಸ್ತಾನ. ಇದು ಮನ್ಯಾಗ ಇರೂತನ ನನಗ ಬಾಯಿಲ್ಲ. ಕೇಳಿದ್ರ ಇಲಿ ಒಯ್ತು ಅಂತೀನಿ."

"ಈಗ ಬ್ಯಾನಿ ಹೆಂಗದವ್ವ?"

"ಎಲ್ಲಿ ಬ್ಯಾನಿರಿ? ನೀವ ಇಲ್ಲ ಅಂದೀರಲ್ಲ."

ಹೋಗುವಾಗ ಬುಟ್ಟಿ ಎತ್ತಿಕೊಡಲು ನನ್ನನ್ನೇ ಕರೆದಳು. ಎತ್ತಿ ಅವಳ ತಲೆ ಮೇಲೆ ಇಟ್ಟೆ.

ಅಂದೇ ಡಾಕ್ಟರರನ್ನು ಕೇಳಿದೆ. "ಸರ್, ಕಿರಣಕ್ಕ ಅಡ್ಡ ಬಂದದ್ದಷ್ಟ ಫಿಲ್ಮಿನ್ಯಾಗ ಕಾಣ್ತದ. ಬ್ಯಾನಿ ಅಡ್ಡ ಬರ್ತದೇನ್ರಿ?"

"ನೋವಂದ್ರ ನರದಾಗಿನ ಕರೆಂಟು ಸಾಯಿಬಣ್ಣ. ಬ್ಯಾರೆ ಏನಿಲ್ಲ."

"ಕರೆಂಟು ಮೀಟರಿಗೂ ಬರ್ತದ್ರಿ. ಮೀಟರಿಗೆ ನೋಯೂದಿಲ್ಲ, ಅಕಿಗೆ ನೋಯ್ತದ. ಆ ನೋಯೂದು ನಿಮ್ಮ ಪರಮಾಣುದಾಗ ಎಲ್ಲಿ ಕುಂತದ?"

"ಏಳನೇತ್ತೆ ಅರ್ಧಕ್ಕ ಬಿಟ್ಟು ಈಗ ನನಗ ಪಾಠ ಹೇಳ್ತಿ?" ಎಂದು ನಕ್ಕರು. "ವಿಜ್ಞಾನ ಮುಂದೊಂದಿನ ಅದನ್ನೂ ಹೇಳ್ತದ."

ಮುಂದೊಂದು ದಿನ ಎಂಬ ಉದ್ರಿ ಉತ್ತರ ಅವರಿಗೆ ಸಾಕಾಯಿತು. ಆಕೆಗೆ ಮಾತ್ರ 'ಇಲ್ಲ' ಎಂಬ ಉತ್ತರವನ್ನು ನಾವು ಮೊದಲ ದಿನವೇ ನಗದಾಗಿ ಕೈಗೆ ಕೊಟ್ಟಿದ್ದೆವು.

ಭೌತಶಾಸ್ತ್ರ ಸುಳ್ಳೆಂದು ನಾನು ಹೇಳಲಾರೆ, ಅದರ ಅನ್ನ ಉಂಡಿದ್ದೇನೆ. ಎಲುಬು ಕಿರಣವನ್ನು ತಡೆಯುತ್ತದೆ, ಅದಕ್ಕೇ ಫಿಲ್ಮಿನಲ್ಲಿ ಬೆಳ್ಳಗೆ ಕಾಣುತ್ತದೆ. ಯಂತ್ರ ಹೇಳುವುದು ಅಷ್ಟೇ. ಕಿರಣವನ್ನು ತಡೆಯದ್ದು ಜಗತ್ತಿನಲ್ಲೇ ಇಲ್ಲ ಎಂದು ಅದು ಯಾವತ್ತೂ ಹೇಳಿಲ್ಲ. ಹೇಳಿದವರು ನಾವು. ಫಿಲ್ಮ್ ತನ್ನನ್ನು ತಾನು ನೋಡಿಕೊಳ್ಳುವುದಿಲ್ಲ, ನೋಡಲು ಒಬ್ಬರು ಬೇಕು. ಆ ನೋಡುವವರನ್ನು, ನೋಯುವವರನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿ, ಒಳಗೆ ಯಾರೂ ಇಲ್ಲ ಎನ್ನುವುದು ಎಂಥ ಜಾಣತನ? ರೋಗಿ ನೋಯುತ್ತದೆ ಎಂದರೆ ಮೊದಲು ಆ ಮಾತು ನಂಬಬೇಕು, ಫಿಲ್ಮ್ ಆಮೇಲೆ. ಇಷ್ಟು ಕಲಿಯಲು ನನಗೆ ಒಬ್ಬ ಹೆಣ್ಣುಮಗಳ ನಡು ಬೇಕಾಯಿತು.

ಕಂಪ್ಯೂಟರ್ ಎಕ್ಸ್-ರೇ ಬಂದು ಕತ್ತಲೆ ಕೋಣೆ ಮುಚ್ಚಿತು, ನಾನೂ ಮನೆಗೆ ಬಂದೆ. ಈಗ ನನ್ನ ಹತ್ತಿರ ಇರುವುದು ಇಷ್ಟು: ಎರಡು ಕೋಣೆಯ ಮನೆ, ಒಂದು ಸೈಕಲ್, ಫಿಲ್ಮ್ ತೊಳೆಯುವ ಔಷಧದ ನೀರಿಗೆ ಕಂದಾದ ಹತ್ತು ಉಗುರು, ಯಲ್ಲಮ್ಮನ ಒಂದು ಫಿಲ್ಮ್. ಅದರ ಅಂಚಿನಲ್ಲಿ, ಬಿಸಿಲಿಗೆ ಹಿಡಿದಾಗಲೆಲ್ಲ ಬಿದ್ದ ಹಣಮಂತನ ಹೆಬ್ಬೆರಳಿನ ಗುರುತು, ಹದಿನಾಲ್ಕು.