ಝಳಕಿಯಲ್ಲಿ ಮಾಡಿಸಿದ ಮೇಜು

ನಾನು ಓದಿದ್ದು ಮೂರನೇ ಇಯತ್ತೆ. ಆದರೂ ನಮ್ಮ ಮನೆಯ ಮೇಜನ್ನು ಆರಿಸಿದವಳು ನಾನು, ಓದಿದ ಮಗನಲ್ಲ. ತಂದ ಮರುದಿನವೇ ಅದನ್ನು ಕೆಡಿಸಿದವಳೂ ನಾನೇ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ನನಗೆ ಬರುವುದಿಲ್ಲ.

ನಮ್ಮ ಇಂಡಿ ಊರಿನಲ್ಲಿ ಯಾರ ಯಾರ ಮನೆಯಲ್ಲಿ ಕಂಪ್ಯೂಟರ್ ಇದೆ ಎಂದು ಎಲ್ಲರಿಗೂ ಗೊತ್ತಿದ್ದ ಕಾಲ ಅದು. ಒಂದು ನಮ್ಮ ಪಡಸಾಲೆಯಲ್ಲಿತ್ತು. ಸಿಂದಗಿಯಿಂದ ಬಂದ ನನ್ನ ಸೊಸೆ ಟೈಪಿಂಗ್ ಪಾಸಾದವಳು. ವಕೀಲರು ಅಫಿಡವಿಟ್ಟು, ಆಸ್ತಿ ಹಂಚಿಕೆಯ ವಾಟ್ನಿ ಪತ್ರ, ತಕರಾರು ಅರ್ಜಿಗಳನ್ನು ಕೈಯಲ್ಲಿ ಗೀಚಿ ಕಳಿಸುತ್ತಿದ್ದರು, ಇವಳು ಅಚ್ಚು ಮಾಡಿ ಕೊಡುತ್ತಿದ್ದಳು. ಕಂಬದ ಬುಡದಲ್ಲಿ ಒಂದು ಗಿಡ್ಡ ಮಣೆ, ಮಣೆಯ ಮೇಲೆ ಕಂಪ್ಯೂಟರ್, ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಇವಳು. ರೊಟ್ಟಿ ಬಡಿಯಲು ಅವಳಿಗೆ ಬರುತ್ತಿರಲಿಲ್ಲ. ಅವಳು ಬಡಿದ ರೊಟ್ಟಿಯನ್ನು ನಮ್ಮ ಎಮ್ಮೆ ಕೂಡ ಮೂಸಿ ನೋಡಿ ಬಿಡುತ್ತಿತ್ತು. ಆದರೆ ಟೈಪು ಮಾಡುವಾಗ ಅವಳ ಬೆರಳುಗಳನ್ನು ನೋಡಬೇಕು. ಬರುವ ಕೆಲಸವನ್ನು ಬಿಡಿಸಿ ಬಾರದ ಕೆಲಸಕ್ಕೆ ಹಚ್ಚುವಷ್ಟು ದಡ್ಡಿ ನಾನಲ್ಲ.

ಎರಡನೆಯ ಹೆರಿಗೆಯ ನಂತರ ಅವಳ ಸೊಂಟ ಹೋಯಿತು. ಬಿಜಾಪುರದ ಡಾಕ್ಟರು, ಅರ್ಧ ಗಂಟೆಗಿಂತ ಹೆಚ್ಚು ಒಂದೇ ಸಮ ಕೂಡಬಾರದು, ಹಾಗೆಂದು ದಿನವಿಡೀ ನಿಲ್ಲಲೂಬಾರದು ಎಂದರು. ಮಗನಿಗೆ ಅಷ್ಟೇ ಸಾಕಾಯಿತು.

"ಕಂಪ್ಯೂಟರ್ ಮಾರಿಬಿಡೋಣು ಯವ್ವಾ. ಕೋರ್ಟ್ ಮುಂದಿನ ಝೆರಾಕ್ಸ್ ಅಂಗಡಿಯಾವ ಕೇಳಾಕತ್ತಾನ" ಎಂದ.

ಸೊಸೆ ಕಂಪ್ಯೂಟರಿಗೆ ಹೊದಿಸಿದ ಬಟ್ಟೆಯ ಅಂಚನ್ನು ಎಳೆದು ನೆಟ್ಟಗೆ ಮಾಡಿದಳು. ಆಗಲೇ ನೆಟ್ಟಗಿದ್ದ ಅಂಚು ಅದು.

"ದಸರಾತನಕ ತಡಿ" ಎಂದೆ ಮಗನಿಗೆ. "ಆಕಿ ಕೂತೂ ಮಾಡಬೇಕು, ನಿಂತೂ ಮಾಡಬೇಕು. ಅಂಥಾದೊಂದು ಮೇಜು ನೋಡ್ತೇನಿ."

"ಅಂಥಾ ಮೇಜು ಎಲ್ಲಿ ಬೆಳೀತೈತಿ? ಹೊಲದಾಗೇನು?"

"ನಿನ್ನ ತಲ್ಯಾಗಂತೂ ಬೆಳಿಯೂದಿಲ್ಲ, ಬಿಡು."

ಮೊದಲು ಊರಿನ ಬಡಿಗನನ್ನು ಕೇಳಿದೆ. ಅವನು ಎತ್ತರದ ಮೇಜನ್ನು ಅಗ್ಗದಲ್ಲಿ ಮಾಡಿಕೊಡುತ್ತಿದ್ದ. ಆದರೆ ಅದರ ಮುಂದೆ ನಿಂತೇ ಇರಬೇಕು. ಸೊಂಟ ಉಳಿಸಲು ಹೋಗಿ ಕಾಲು ಕೆಡಿಸಿಕೊಳ್ಳುವ ವ್ಯವಹಾರ ಬೇಡವೆಂದೆ. ಆಮೇಲೆ ಮಗನನ್ನು ಕರೆದುಕೊಂಡು ಸೊಲ್ಲಾಪುರಕ್ಕೆ ಹೋದೆ. ಹೋಗುವ ಮೊದಲು ಒಂದು ದಾರ ತೆಗೆದುಕೊಂಡು ಸೊಸೆಯನ್ನು ಅಳೆದೆ. ಅವಳು ಚಕ್ಕಳಮಕ್ಕಳ ಹಾಕಿದಾಗ ಮೊಣಕೈ ನೆಲದಿಂದ ಎಷ್ಟಿದೆಯೋ ಅಲ್ಲಿ ಒಂದು ಗಂಟು, ನಿಂತಾಗ ಎಷ್ಟಿದೆಯೋ ಅಲ್ಲಿ ಇನ್ನೊಂದು ಗಂಟು.

ಸೊಲ್ಲಾಪುರದ ಅಂಗಡಿಯಲ್ಲಿ ಯಾವುದೋ ದೊಡ್ಡ ಕಚೇರಿಗೆಂದು ತರಿಸಿದ ಮೇಜಿತ್ತು. ಗುಂಡಿ ಒತ್ತಿದರೆ ತಾನೇ ಏರುತ್ತಿತ್ತು, ತಾನೇ ಇಳಿಯುತ್ತಿತ್ತು. ಮಗ ಬಾಯಿ ತೆರೆದು ನೋಡಿದ. ನಾನು ದಾರ ಹಿಡಿದೆ. ಮೇಲಿನ ಗಂಟು ಸರಿಹೋಯಿತು.

"ಈಗ ಇಳಸು" ಎಂದೆ. ಅಂಗಡಿಯವನು ಇಳಿಸಿದ.

"ಇನ್ನೂ ಇಳಸು."

"ಇಷ್ಟೇ ಆಜಿ, ಇದಕ್ಕಿಂತ ಕೆಳಗ ಹೋಗೂದಿಲ್ಲ."

ಕೆಳಗಿನ ಗಂಟು ಇನ್ನೂ ಎಲ್ಲೋ ಕೆಳಗಿತ್ತು. ಅದು ಕುರ್ಚಿಯ ಮೇಲೆ ಕೂಡುವವರ ಮೇಜು. ನಮ್ಮ ಮನೆಯಲ್ಲಿ ಕುರ್ಚಿ ಇದ್ದದ್ದು ಬೀಗರು ಬಂದಾಗ ಹಾಕಲು. ಸೊಸೆ ಕುರ್ಚಿಯಲ್ಲಿ ಕೂತರೆ ಕಾಲು ಜೋಲುಬಿದ್ದು ಸೊಂಟ ಇನ್ನಷ್ಟು ಹಿಡಿಯುತ್ತಿತ್ತು. ಬೆಲೆ ಕೇಳಿದರೆ ಕರು ಸಹಿತ ಒಂದು ಹಾಲೆಮ್ಮೆ ಬರುವಷ್ಟು ಹೇಳಿದ.

"ನೆಲ ಮುಟ್ಟದ ಮೇಜಿಗೆ ಎಮ್ಮಿ ರೊಕ್ಕ ಕೊಡಬೇಕೇನು? ನಡಿ" ಎಂದು ಮಗನನ್ನು ಎಬ್ಬಿಸಿಕೊಂಡು ಬಂದೆ.

ವಾಪಸು ಬರುವಾಗ ಇಂಡಿ ಬಸ್ಸಿಗಾಗಿ ಝಳಕಿಯಲ್ಲಿ ಇಳಿದೆವು. ರಸ್ತೆಯ ಬದಿಯಲ್ಲಿ ಲಾರಿ ರಿಪೇರಿ ಮಾಡುವ ವೆಲ್ಡಿಂಗ್ ಶೆಡ್ಡು. ಅಲ್ಲೊಬ್ಬ ದಪ್ಪ ಮಿಸ್ತ್ರಿ ಕಬ್ಬು ತುಂಬಿದ ಲಾರಿಯನ್ನು ಜಾಕಿನಿಂದ ಎತ್ತುತ್ತಿದ್ದ. ತಿರುಪು ತಿರುಗಿದಂತೆ ಲಾರಿ ಗೂಡಿನಿಂದ ಏಳುವ ಕೋಳಿಯ ಹಾಗೆ ಏಳುತ್ತಿತ್ತು. ನಾನು ಬಸ್ಸು ಬಿಟ್ಟೆ.

"ಲಾರಿ ಎತ್ತೂದು ಕಂಪ್ಯೂಟರ್ ಎತ್ತೂದಿಲ್ಲೇನು?" ಎಂದು ಕೇಳಿದೆ.

ಮಿಸ್ತ್ರಿ ನಕ್ಕ. "ಎತ್ತತೈತಿ ಆಯಿ. ಆದರ ತಿರಗಸವ್ರು ಯಾರು?"

"ಸೊಂಟ ಹೋದಾಕಿಗೆ ತಿರಗಸು ಅನ್ನಾಕ ಬರ್ತದೇನು? ಮೋಟಾರ ಹಚ್ಚು."

ಅವನು ಮೂಲೆಯಲ್ಲಿದ್ದ ಮುರುಕು ಲಾರಿಯ ಕಡೆಗೆ ನೋಡಿದ. "ಗಾಜು ಒರಸೂ ವೈಪರ್ ಮೋಟಾರ ಐತಿ. ಬ್ಯಾಟರಿ ಮ್ಯಾಲ ನಡೀತೈತಿ. ಕರೆಂಟ್ ಹೋದರೂ ಚಿಂತಿಲ್ಲ."

"ಮೋಟಾರೇ ಹೋದರ?"

"ಕೈಲೆ ತಿರಗಸಾಕ ಒಂದು ಹ್ಯಾಂಡಲ್ ಕೊಡ್ತೇನಿ. ಸಾಕೋ ಇಲ್ಲೋ?"

ಅಂಥ ಹ್ಯಾಂಡಲ್ಲು ಸೊಲ್ಲಾಪುರದ ಮೇಜಿಗೆ ಇರಲಿಲ್ಲ. ಬೆಲೆಯೂ ಎಮ್ಮೆಯ ಮಾತಿರಲಿ, ಒಂದು ಆಡಿನಲ್ಲಿ ಮುಗಿಯಿತು. ಅವನ ಕೈಗೆ ದಾರ ಕೊಟ್ಟು ಬಂದೆ.

ಹದಿನೈದು ದಿನ ಬಿಟ್ಟು ಹೋದಾಗ ಎರಡು ಕಬ್ಬಿಣದ ಕೊಳವೆಗಳ ನಡುವೆ ಆಳೆತ್ತರದ ತಿರುಪು, ಅದರ ಮೇಲೆ ಹಲಗೆ ಸಿದ್ಧವಾಗಿತ್ತು. "ನೀನ ಕುಂದ್ರು" ಎಂದೆ ಮಿಸ್ತ್ರಿಗೆ. ಅವನು ಹಲಗೆಯ ಮೇಲೆ ಕೂತು ಗುಂಡಿ ಒತ್ತಿಕೊಂಡ. ಚಹಾ ಕುದಿಯುವಷ್ಟು ಹೊತ್ತು ಹಿಡಿಯಿತು, ಆದರೆ ಅವನ ಹೊಟ್ಟೆಯ ಸಮೇತ ಮೇಲಿನ ಗಂಟು ಮುಟ್ಟಿಸಿತು. ಅದಕ್ಕಿಂತ ಬೇರೆ ಪರೀಕ್ಷೆ ಬೇಕಿರಲಿಲ್ಲ.

ನಮ್ಮ ಮಣ್ಣಿನ ಗೋಡೆಗೆ ಬೋಲ್ಟು ನಿಲ್ಲುವುದಿಲ್ಲವೆಂದು ಅದನ್ನು ಪಡಸಾಲೆಯ ಕಂಬಕ್ಕೆ ಬಿಗಿದರು. ಮರುದಿನ ಸೋಮವಾರ. ಹನ್ನೊಂದು ಗಂಟೆಗೆ ಕೋರ್ಟಿಗೆ ಹೋಗಬೇಕಾದ ಕಾಗದಗಳು ಬಂದಿದ್ದವು. ಮಗ ಮೇಜನ್ನು ನಂಬದೆ, ಸಂಜೆ ಬಂದು ಕಂಪ್ಯೂಟರ್ ನೋಡಲು ಝೆರಾಕ್ಸಿನವನಿಗೆ ಹೇಳಿಯೇ ಬಂದಿದ್ದ.

ಹೊಸ ಯಂತ್ರ ಮನೆಗೆ ಬಂದರೆ ಪೂಜೆ ಮಾಡದೆ ಮುಟ್ಟುತ್ತೇವೆಯೇ? ವಿಭೂತಿ ಹಚ್ಚಿದೆ, ಕಾಯಿ ಒಡೆದೆ. ಟ್ರ್ಯಾಕ್ಟರ್ ತಂದಾಗ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸುವುದು ವಾಡಿಕೆ. ಮೇಜಿಗೆ ಗಾಲಿ ಇಲ್ಲ. ಹಾಗಾಗಿ ಎಡಗಡೆ ಕೊಳವೆಯ ಬುಡದಲ್ಲಿ, ಹಲಗೆ ಬಂದು ಕೂಡುವ ಜಾಗದಲ್ಲಿ ಒಂದು ಒಳ್ಳೆ ಗಟ್ಟಿ ನಿಂಬೆಹಣ್ಣು ಇಟ್ಟು, "ಇಳಸವಾ" ಎಂದೆ ಸೊಸೆಗೆ.

ಕಂಪ್ಯೂಟರ್ ಹೊತ್ತ ಹಲಗೆ ಇಳಿಯಿತು. ನಿಂಬೆಹಣ್ಣು ಒಡೆದು, ಸಿಪ್ಪೆ ಕೊಳವೆಯ ಸಂದಿಯಲ್ಲಿ ಸಿಕ್ಕಿತು. ಎಡಗಡೆ ನಿಂತಿತು, ಬಲಗಡೆ ಇಳಿಯಿತು. ಡಬ್ಬಿಯಂಥ ಕಂಪ್ಯೂಟರ್ ಜಾರತೊಡಗಿತು. ಸೊಸೆ ಮುಂದೆ ಬಗ್ಗಿದಳು.

"ಸೊಂಟಾ! ಸರಿ ಆಚಿಗೆ!" ಎಂದು ಕಿರುಚಿ ನಾನೇ ಅದನ್ನು ತಬ್ಬಿ ಹಿಡಿದೆ. ಮೋಟಾರು ಗುರ್ ಎಂದು ಒದ್ದಾಡಿ, ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು.

ಮಗ ಬಾಗಿಲಲ್ಲಿ ನಿಂತಿದ್ದ. "ಆತಲ್ಲ? ನಾ ಹೇಳಿದ್ದೆ, ಇದು ಆಗೂ ಮಾತಲ್ಲ ಅಂತ."

"ಮೇಜಿನ ತಪ್ಪಲ್ಲೋ. ನಿಂಬಿಹಣ್ಣು ಇಟ್ಟಾಕಿ ನಾನು. ಬಂದು ಇದನ್ನ ಹಿಡಿ."

ಅವನು ಕಂಪ್ಯೂಟರ್ ಹಿಡಿದ. ನಾನು ಅಡುಗೆಮನೆಯ ಚಾಕು ತಂದು ಸಿಪ್ಪೆ ಕೆದರಿ ತೆಗೆದೆ, ಸೀಮೆಎಣ್ಣೆಯಿಂದ ಕೊಳವೆ ಒರೆಸಿದೆ, ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದೆ. ಹಲಗೆ ಕಿರ್ ಎಂದು ಎದ್ದಿತು. ಗೋಡೆಯ ಗಡಿಯಾರದಲ್ಲಿ ಒಂಬತ್ತು ಹೊಡೆದಿತ್ತು.

"ಹ್ಞೂಂ, ಟೈಪ್ ಮಾಡು" ಎಂದೆ ಸೊಸೆಗೆ. "ಯಾವಾಗ ಏರಸಬೇಕು, ಯಾವಾಗ ಇಳಸಬೇಕು, ಹೇಳು."

ಅವಳಿಗೆ ನಾಚಿಕೆ. ಅತ್ತೆಗೆ ಕೆಲಸ ಹೇಳುವುದು ಹೇಗೆಂದು ಮೊದಲ ಸಲ ಸುಮ್ಮನೆ ನನ್ನ ಮುಖ ನೋಡಿದಳು. ಎರಡನೇ ಸಲ "ಅತ್ತಿ, ಸ್ವಲ್ಪ ಇಳಸ್ತೀರೇನ್ರಿ" ಎಂದಳು. ಮೂರನೇ ಸಲಕ್ಕೆ ಪರದೆಯಿಂದ ಕಣ್ಣು ತೆಗೆಯದೆ "ಅತ್ತಿ, ಏರಸ್ರಿ" ಎಂದಳು. ಹಾಗೆ ಇರಬೇಕು. ಹನ್ನೊಂದಕ್ಕೆ ಇನ್ನೂ ಹೊತ್ತಿರುವಾಗಲೇ ಕಾಗದಗಳು ಮಗನ ಕೈಯಲ್ಲಿ ಕೋರ್ಟಿಗೆ ಹೋದವು. ನನ್ನ ರಟ್ಟೆ ಎರಡು ದಿನ ನೋಯುತ್ತಿತ್ತು. ಅವಳ ಸೊಂಟ ನೋಯಲಿಲ್ಲ.

ಸಂಜೆ ಝೆರಾಕ್ಸಿನವನು ಬಂದ. ನಾನು ಬಾಯಿ ತೆರೆಯುವ ಮೊದಲೇ ಸೊಸೆ ಎದ್ದು ಬಂದಳು.

"ಕಂಪ್ಯೂಟರ್ ಮಾರೂದಿಲ್ರಿ ಅಣ್ಣಾರ. ನಿಮ್ಮಲ್ಲಿ ಟೈಪಿಂಗ್ ಬಂದರ ಕಳಸ್ರಿ, ಮಾಡಿಕೊಡ್ತೇನಿ."

ಅವನು ಮಗನ ಮುಖ ನೋಡಿದ. ಮಗ ಕಂಬದ ಕಡೆಗೆ ನೋಡಿದ. "ಆಕಿ ಹೇಳಿದ್ಲಲ್ಲರೀ" ಎಂದ. ಮರುವಾರದಿಂದ ಅವನ ಅಂಗಡಿಯ ಕಾಗದಗಳೂ ನಮ್ಮ ಮನೆಗೇ ಬರತೊಡಗಿದವು.

ಇನ್ನೊಂದು ವೈಪರ್ ಮೋಟಾರು ತರಲು ಝಳಕಿಗೆ ಹೋದಾಗ ಮಿಸ್ತ್ರಿ ಸುಟ್ಟಿದ್ದನ್ನು ತಿರುಗಿಸಿ ನೋಡಿದ, ಮೂಸಿಯೂ ನೋಡಿದ.

"ಏನ ಮಾಡಿದ್ರಿ ಆಯಿ ಇದಕ್ಕ?"

"ಪೂಜಾ ಮಾಡಿದ್ವಿ."

"ಕೆಳಗ ನಿಂಬಿಹಣ್ಣು ಇಟ್ಟಿದ್ರೇನು?"

"ಇಟ್ಟಿದ್ದೆ."

ಅವನು ಮನೆಗೇ ಬಂದು ಹೊಸ ಮೋಟಾರು ಕೂಡಿಸಿಕೊಟ್ಟ. ಆ ಮೇಜು ಇನ್ನೂ ಕಂಬಕ್ಕಿದೆ, ಹ್ಯಾಂಡಲ್ಲು ಪಕ್ಕದ ಮೊಳೆಗೆ ತೂಗುತ್ತಿದೆ. ದಸರಾಕ್ಕೆ ಪೂಜೆ ತಪ್ಪಿಸಿಲ್ಲ. ನಿಂಬೆಹಣ್ಣನ್ನು ಈಗ ಹಲಗೆಯ ಮೇಲೆ ಇಡುತ್ತೇನೆ.