ಹದಿನಾಲ್ಕನೆಯ ಫ್ರೇಮು

ಶನಿವಾರ ಬಂತೆಂದರೆ ವೆಂಡೆಲ್ ಹ್ಯಾವರ್ಟಿ ಮನೆಯಲ್ಲಿ ನಿಲ್ಲುವ ಆಸಾಮಿಯಲ್ಲ. ಫೇರ್‌ಫ್ಯಾಕ್ಸ್ ಸುತ್ತಮುತ್ತ ಯಾರ ಅಂಗಳದಲ್ಲಿ ಹಳೆ ಸಾಮಾನು ಮಾರಾಟಕ್ಕೆ ಹರಡಿದ್ದರೂ ಬೆಳಿಗ್ಗೆ ಏಳಕ್ಕೆಲ್ಲ ಅವನ ಪಿಕಪ್ ಅಲ್ಲಿ ಹಾಜರು. ಅವನಿಗೆ ಬೇಕಾದದ್ದು ಹಳೆಯ ಮೌಂಟನ್ ಬೈಕು, ಅಂದರೆ ಗುಡ್ಡಗಾಡಿನ ಸೈಕಲ್ಲು. ಟಮಾಲ್ಪೈಸ್ ಬೆಟ್ಟದ ಮಣ್ಣುದಾರಿಯಲ್ಲಿ ಧೂಳೆಬ್ಬಿಸಿಕೊಂಡು ಇಳಿಯಲೆಂದು ಈ ಊರಿನ ಹುಡುಗರು ಗ್ಯಾರೇಜುಗಳಲ್ಲಿ ಕೈಯಾರೆ ಬೆಸೆದ ಕಾಲದವು.

ಆ ಹುಚ್ಚಿನವರು ಇಲ್ಲಿ ಬೇಕಾದಷ್ಟಿದ್ದಾರೆ. ಬೈಕು ಸಿಕ್ಕರೆ ಮೊದಲು ಬ್ರೇಕಿನ ಹಿಡಿ ನೋಡುತ್ತಾರೆ, ಮೂಲ ಬಣ್ಣ ಉಳಿದಿದೆಯೇ ಎಂದು ಉಗುರಿನಿಂದ ಕೆರೆಯುತ್ತಾರೆ. ತುಕ್ಕು ಹಿಡಿದಿದ್ದರೂ ಸರಿಯೇ, ಹೊಸ ಬಣ್ಣ ಬಳಿದವನನ್ನು ಮಾತ್ರ ಕ್ಷಮಿಸುವುದಿಲ್ಲ. ವೆಂಡೆಲ್ ಇದ್ಯಾವುದನ್ನೂ ಮಾಡುತ್ತಿರಲಿಲ್ಲ. ನೇರವಾಗಿ ಬೈಕನ್ನು ತಲೆಕೆಳಗು ಮಾಡಿ ಪೆಡಲಿನ ಬುಡದಲ್ಲಿ ಕೊರೆದ ನಂಬರು ಓದುತ್ತಿದ್ದ.

"ಹಸು ಕೊಳ್ಳೋಕೆ ಬಂದೋನ ಥರ ಮೊದ್ಲು ಹೊಟ್ಟೆ ಕೆಳಗೇ ಬಗ್ತಾನಲ್ಲಪ್ಪ!" ಎಂದು ಜೊತೆಯವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಕೊಟ್ಟಿಗೆಯಲ್ಲಿ ಮೂವತ್ತೊಂದು ಬೈಕು ಸೇರಿದ್ದವು. ಅವನು ಬೈಕಿನ ಮೋಹಕ್ಕಲ್ಲ, ಹೆದರಿಕೆಗೆ ಹುಡುಕುತ್ತಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ.

ಎಂಬತ್ತೊಂದನೇ ಇಸವಿಯಲ್ಲಿ ಅವನೂ ಕ್ಲೈಡ್ ಒರ್ಸೀನಿಯೂ ಸೇರಿ ಕ್ಲೈಡ್‌ನ ಗ್ಯಾರೇಜಿನಲ್ಲಿ ಫ್ರೇಮು ಕಟ್ಟುತ್ತಿದ್ದರು. ಹದಿನಾಲ್ಕನೆಯದರ ಕತ್ತಿನ, ಅಂದರೆ ಹ್ಯಾಂಡಲ್ ಕೂರುವ ಜಾಗದ, ಜೋಡಣೆ ಮಾಡುತ್ತಿದ್ದಾಗ ಆಸ್ಪತ್ರೆಯಿಂದ ಫೋನು ಬಂತು, ವೆಂಡೆಲ್‌ನ ಹೆಂಡತಿಗೆ ಹೆರಿಗೆ ನೋವು ಶುರುವಾಗಿದೆ ಎಂದು. ಫ್ರೇಮಿನ ಕೊಳವೆ ಇನ್ನೂ ಸರಿಯಾಗಿ ಕಾದಿರಲಿಲ್ಲ. ವೆಂಡೆಲ್ ಗಡಿಬಿಡಿಯಲ್ಲಿ ಹಿತ್ತಾಳೆ ಕರಗಿಸಿ ಮೇಲೆಮೇಲೆ ಮೆತ್ತಿ, ಅರ ಹಾಕಿ ನುಣುಪು ಮಾಡಿ ಓಡಿಬಿಟ್ಟ. ಹಿತ್ತಾಳೆ ಸಂದಿನೊಳಗೆ ಇಳಿದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಗಳನ್ನು ಎತ್ತಿಕೊಂಡ ಸಂಭ್ರಮದಲ್ಲಿ ಮೂರು ದಿನ ಕಳೆದು ಬಂದರೆ, ಬೈಕು ಹಸಿರು ಬಣ್ಣ ಬಳಿಸಿಕೊಂಡು ಮಾರಾಟವಾಗಿತ್ತು. ಕೊಂಡವನ ಹೆಸರು ಕೂಡ ಯಾರೂ ಕೇಳಿರಲಿಲ್ಲ. ಇಳಿಜಾರಿನಲ್ಲಿ ಕತ್ತು ಮುರಿದರೆ ಬೈಕಿನದಷ್ಟೇ ಮುರಿಯುವುದಿಲ್ಲ. ಕ್ಲೈಡ್‌ಗೆ ಹೇಳಲು ನಾಚಿಕೆ ಬಿಡಲಿಲ್ಲ. ಮತ್ತೆ ಬೆಸುಗೆಗೆ ಕೂರಲು ಧೈರ್ಯ ಬರಲಿಲ್ಲ. ಎರಡು ತಿಂಗಳೊಳಗೆ ಕೆಲಸ ಬಿಟ್ಟು ಬಸ್ ಓಡಿಸಲು ಹೋದ. ಪೇಪರಿನಲ್ಲಿ ಯಾರೋ ಸೈಕಲ್ಲಿನಿಂದ ಬಿದ್ದ ಸುದ್ದಿ ಬಂದರೆ ಅವತ್ತು ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಹೋದ ಅಕ್ಟೋಬರಿನಲ್ಲಿ, ಟೊಮಾಲಿಸ್‌ನ ಹಾಲಿನ ಫಾರ್ಮಿನಲ್ಲಿ ಒಂದು ಹಸಿರು ಬೈಕು ಬೇಲಿಗೆ ಒರಗಿತ್ತು. ತಿರುಗಿಸಿದ. ಹದಿನಾಲ್ಕು.

"ನಮ್ಮೆಜಮಾನ್ರದ್ದು," ಎಂದಳು ಮಾರುತ್ತಿದ್ದ ಡೋರೀನ್ ಅಜೆವೇಡೊ. ವೆಂಡೆಲ್ ಬೈಕಿನಿಂದ ತಲೆಯೆತ್ತಿದ.

"ಅವರು... ಹೇಗಿದ್ದಾರೆ?"

"ಹೇಗಿರ್ತಾರೆ, ಒಳಗೆ ಕೂತು ಟೀವಿಗೆ ಬೈತಾ ಇದಾರೆ. ಮಂಡಿ ಹೋಗಿದೆ. ಮೂವತ್ತು ವರ್ಷ ಇದ್ರಲ್ಲೇ ಬೇಲಿ ಸುತ್ತಿದ್ರು, ಗುಡ್ಡ ಇಳಿದ್ರು. ಟಯರ್ ಬಿಟ್ರೆ ಏನೂ ಹಾಳಾಗ್ಲಿಲ್ಲ, ನೋಡಿ."

ವೆಂಡೆಲ್ ಕತ್ತಿನ ಅಡಿಗೆ ಬೆರಳು ಹಾಕಿದ. ತಾನು ಅರ ಹಾಕಿದ ನುಣುಪು ಅಲ್ಲಿರಲಿಲ್ಲ. ಬಣ್ಣದ ಕೆಳಗೆ ಸಣ್ಣ ಸಣ್ಣ ಅಲೆಗಳು, ಮೀನಿನ ಪೊರೆಯ ಹಾಗೆ ಒಂದರ ಹಿಂದೊಂದು. ಬೆಸುಗೆಯ ಮೇಲೆ ಅರ ಆಡಿಸುವುದೆಂದರೆ ಕ್ಲೈಡ್‌ಗೆ ಆಗುತ್ತಿರಲಿಲ್ಲ. ಹಿತ್ತಾಳೆ ಹರಿದ ಹಾಗೇ ಬಿಡುತ್ತಿದ್ದ. ಇದು ಕ್ಲೈಡ್‌ನದೇ ಕೈಕೆಲಸ. ಬಣ್ಣಕ್ಕೆ ಮೊದಲೇ ಮತ್ತೆ ಕಾಯಿಸಿ ಬೆಸೆದಿದ್ದ.

ವೆಂಡೆಲ್ ಪರ್ಸಿನಲ್ಲಿದ್ದ ನೋಟನ್ನೆಲ್ಲ ಡೋರೀನ್‌ಳ ಕೈಗಿಟ್ಟು ಬೈಕು ಹೇರಿಕೊಂಡ. ನೇರವಾಗಿ ಕ್ಲೈಡ್‌ನ ಹೆಂಡತಿ ಮಾರ್ಗೋಳ ಮನೆಗೆ ಹೋದ. ಕ್ಲೈಡ್ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು.

"ಮಾರ್ಗೋ, ಇದರ ಬೆಸುಗೆ ನಾನು ಕೆಡಿಸಿಟ್ಟು ಹೋಗಿದ್ದೆ," ಎಂದ, ಬಾಗಿಲಲ್ಲೇ ನಿಂತು.

ಮಾರ್ಗೋ ಬೈಕನ್ನು ನೋಡಿದಳು, ಅವನನ್ನು ನೋಡಿದಳು. "ಗೊತ್ತು ಕಣೋ. ಬಣ್ಣಕ್ಕೆ ಎತ್ತಿಕೊಂಡಾಗ್ಲೇ ಕ್ಲೈಡ್‌ಗೆ ಗೊತ್ತಾಯ್ತು. 'ಪಾಪ, ಹೆರಿಗೆ ಗಾಬರಿ, ಬಂದು ಅವನೇ ಹೇಳ್ತಾನೆ' ಅಂದ."

"ಹೇಳಬಹುದಿತ್ತಲ್ಲ ನಂಗೆ! ಸರಿಮಾಡಿದೀನಿ ಅಂತ ಒಂದು ಮಾತು!"

"ನಾನೂ ಜಗಳ ಆಡಿದೆ. 'ನಾನಾಗಿ ಹೇಳಿದ್ರೆ ಅವನ ತಪ್ಪು ಎತ್ತಿ ಆಡಿದ ಹಾಗಾಗುತ್ತೆ' ಅಂತ ಕೂತ. ನೀನು ಕೆಲಸ ಬಿಟ್ಟಿದ್ದು ಬಸ್ಸಿನ ಸಂಬಳಕ್ಕೆ ಅಂದ್ಕೊಂಡಿದ್ವಿ. ಇದಕ್ಕೆ ಅಂತ ಯಾರಿಗೆ ಗೊತ್ತಿತ್ತು? ನಿನ್ನ ಜಾಗಕ್ಕೆ ಇನ್ನೊಬ್ಬನ್ನ ಇಟ್ಟುಕೊಳ್ಳೋ ಅಂದ್ರೆ, ವೆಂಡೆಲ್ ಬರ್ತಾನೆ ಅಂತಿದ್ದ. ಕೊನೇವರೆಗೂ ಹಾಗೇ ಅಂದ."

ವೆಂಡೆಲ್ ಮೆಟ್ಟಿಲ ಮೇಲೆ ಕೂತುಬಿಟ್ಟ. ಗುರುತಿಲ್ಲದ ಒಬ್ಬನನ್ನು ಹುಡುಕಿಕೊಂಡು ನಲವತ್ತು ವರ್ಷ ಜಿಲ್ಲೆಯೆಲ್ಲ ಅಲೆದಿದ್ದ. ಕ್ಲೈಡ್‌ನ ಗ್ಯಾರೇಜು ಅವನ ಮನೆಯಿಂದ ಎರಡು ಬೀದಿ ಆಚೆಗಿತ್ತು.