ಒಲೆ ಹೊತ್ತಿಸದೆ ಬಡಿದ ರೊಟ್ಟಿ

ಕಾಕುವಿನ ಬಲ ಅಂಗೈಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ನೀರು ಹರಿದು ಹರಿದು ನುಣುಪಾದ ಕಲ್ಲಿನ ಹಾಗೆ ಅಗಲವಾಗಿ, ತುಸು ಹೊಳೆಯುತ್ತಿತ್ತು. ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಓಣಿಗೆ ಬಂದಾಗ ಅವಳು ಅಂಗೈ ಚಾಚಿ, "ಓದು ನೋಡೂಣು. ಇದ್ದದ್ದೆಲ್ಲಾ ರೊಟ್ಟಿಗೆ ಹತ್ತಿ ಹೋಗೇತಿ" ಎಂದಿದ್ದಳು. ಅವನು ಮುಂದಿನ ಮನೆಗೆ ಹೋದ.

ಅವಳು ನಮ್ಮ ಸಂಬಂಧಿಯಲ್ಲ. ಚಿಕ್ಕಮ್ಮನನ್ನು ಕರೆಯುವ ಹಾಗೆ ಓಣಿಯವರೆಲ್ಲ ಕಾಕು ಅನ್ನುತ್ತಿದ್ದರು, ನಾನೂ ಅಂದೆ. ತಿಕೋಟಾ ಕಡೆಯ ಹೆಣ್ಣುಮಗಳು. ಗಂಡ ತೀರಿಹೋದ ಮೇಲೆ ವಿಜಾಪುರಕ್ಕೆ ಬಂದು ಪೇಟೆಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿದು ಬದುಕುತ್ತಿದ್ದಳು. ಬಬಲೇಶ್ವರದಿಂದ ನಾನು ಸೊಸೆಯಾಗಿ ಬಂದ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ನಮ್ಮ ಅತ್ತೆಗೆ ಅವಳೆಂದರೆ ಅಷ್ಟಕ್ಕಷ್ಟೆ. "ರೊಟ್ಟಿ ಮಾರಿ ತಿನ್ನೂ ಮಂದಿ ಕೂಡ ನಮಗೇನು ಮಾತು" ಎಂದು ಗೋಡೆಯಾಚೆ ಕೇಳುವ ಹಾಗೆ ಅನ್ನುತ್ತಿದ್ದರು. ಅವಳೂ ಬಿಡುವವಳಲ್ಲ. "ನಾ ರೊಟ್ಟಿ ಮಾರ್ತೇನ್ರಿ ಅಕ್ಕಾರ. ನೀವು ಬೈಗಳ ಪುಕ್ಕಟೆ ಹಂಚ್ತೀರಿ" ಎನ್ನುವ ಉತ್ತರ ಆಚೆಯಿಂದ ಬರುತ್ತಿತ್ತು.

ಅವು ಯುದ್ಧದ ವರ್ಷಗಳು. ಜೋಳವನ್ನು ರೇಷನ್ನಿನಲ್ಲಿ ಕೊಡುತ್ತಿದ್ದರು. ಆಗಲೇ ಅತ್ತೆಯ ಹೊಟ್ಟೆಯಲ್ಲಿ ಗಂಟು ಕಾಣಿಸಿಕೊಂಡಿತು. ದವಾಖಾನೆಯ ಡಾಕ್ಟರರು ನಮ್ಮ ಯಜಮಾನರನ್ನು ಹೊರಗೆ ಕರೆದು, ಕ್ಯಾನ್ಸರ್ ಎಂದರಂತೆ. ಆ ಶಬ್ದವನ್ನು ನಾವು ಕೇಳಿದ್ದು ಅದೇ ಮೊದಲು. ಗುಣವಾಗುವ ಹಂತ ದಾಟಿದೆ, ಇದ್ದಷ್ಟು ದಿನ ತ್ರಾಸ ಕಡಿಮೆ ಮಾಡಿರಿ ಎಂದು ಹೇಳಿ ಕಳಿಸಿದರು. ಕಡಿಮೆ ಮಾಡುವುದು ಹೇಗೆ ಎಂದು ಯಾರೂ ಹೇಳಲಿಲ್ಲ.

ಒಗ್ಗರಣೆ ಹಾಕಿದರೆ ಸಾಕು, ಅತ್ತೆಗೆ ವಾಕರಿಕೆ. ಹಂಚು ಕಾದ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಕುಡಿದ ನೀರೂ ಒಳಗೆ ನಿಲ್ಲದ ದಿನ ಕಾಕು ಕರೆಯದೆಯೇ ಬಂದು ಬಾಗಿಲಲ್ಲಿ ನಿಂತಳು.

"ಇವತ್ತಿಂದ ನಿನ್ನ ಒಲಿ ನಮ್ಮನ್ಯಾಗ. ಹಿಟ್ಟು, ಕಾಳು ಎತ್ಕೊಂಡ ಬಾ."

ಅಂದಿನಿಂದ ಅವಳ ಮನೆಯಲ್ಲಿ ಅಡುಗೆ ಮಾಡಿ ತರತೊಡಗಿದೆ. ಅಂಬಲಿ ಕೊಡುವುದನ್ನೂ ಅವಳೇ ಕಲಿಸಿದಳು. "ಬಿಸಿ ಇದ್ರ ವಾಸನಿ ಏಳ್ತೈತಿ. ಪೂರಾ ಆರಿಸು, ಮಜ್ಜಿಗಿ ಬೆರಸು, ಎರಡ ಚಮಚ ಕೊಡು. ಬಟ್ಟಲ ತುಂಬಿಸಿ ಮುಂದ ಹಿಡೀಬ್ಯಾಡ, ನೋಡಿದ ಕೂಡ್ಲೆ ಅಂಜ್ತಾರ." ನಿಂಬೆ ಸಿಪ್ಪೆಯ ಚೂರೊಂದನ್ನು ಅತ್ತೆಯ ಮುಷ್ಟಿಯಲ್ಲಿಟ್ಟು, ಹೊಟ್ಟೆ ತೊಳಸಿದಾಗ ಮೂಸಿರಿ ಅನ್ನುತ್ತಿದ್ದಳು. ಎರಡು ಚಮಚ ಅಂಬಲಿ ಒಳಗೆ ನಿಂತ ದಿನ ನಾನು ದೇವರ ಮುಂದೆ ಎರಡು ಸಲ ಹಣೆ ಹಚ್ಚಿದೆ, ಚಮಚಕ್ಕೊಂದರಂತೆ.

ವಾಂತಿ ಕಡಿಮೆಯಾಯಿತು, ಅಂಜಿಕೆ ಹೆಚ್ಚಾಯಿತು. ತಪ್ಪು ನನ್ನದು. ಜಡ್ಡಿನವರಿಗೆ ಸಪ್ಪಳವಾಗಬಾರದೆಂದು ಮನೆಯ ಬಾಯಿಯನ್ನೇ ಮುಚ್ಚಿಸಿದ್ದೆ. ಬೀಸುವುದು, ಕುಟ್ಟುವುದು ಎಲ್ಲ ಗೋಡೆಯಾಚೆ ಹೋಗಿತ್ತು. ಕಾಲ್ಗೆಜ್ಜೆ ತೆಗೆದಿಟ್ಟಿದ್ದೆ, ಬಾಗಿಲ ಚಿಲಕಕ್ಕೆ ಅರಿವೆ ಸುತ್ತಿದ್ದೆ. ಆ ಉದ್ದನೆಯ ಮಧ್ಯಾಹ್ನಗಳಲ್ಲಿ ಅತ್ತೆ ಎದೆ ಹಿಡಿದುಕೊಂಡು ಬೆವರುತ್ತಿದ್ದರು. ನಿದ್ದೆ ಎನ್ನುವುದು ಹತ್ತಿರ ಸುಳಿಯದೆ ಎಷ್ಟೋ ದಿನಗಳಾಗಿದ್ದವು. ಒಂದು ದಿನ, ನಾನು ಪಕ್ಕದಲ್ಲೇ ಕುಳಿತಿದ್ದರೂ ಕೇಳಿದರು:

"ಎಲ್ಲಾರೂ ಎಲ್ಲಿ ಹೋದ್ರಿ? ನಾ ಸತ್ತ ಹೋಗೇನೇನು?"

ಅಂಬಲಿ ಹಿಡಿದು ಬಂದ ಕಾಕುವಿನ ಕಿವಿಗೆ ಅದು ಬಿತ್ತು. ಮನೆಯನ್ನು ಒಂದು ಸುತ್ತು ನೋಡಿದಳು. "ಹುಚ್ಚಿ ಅದಿ ನೋಡ ನೀ," ಎಂದಳು ನನಗೆ. "ಜೀವ ಇದ್ದ ಮನಿ ಹಿಂಗ ಇರ್ತೈತೇನು? ಇಲ್ಲಿ ಕುಂತ್ರ ನನಗೂ ಅಂಜಿಕಿ ಬರ್ತೈತಿ."

ಹೋಗಿ ರೊಟ್ಟಿ ಬಡಿಯುವ ಹಲಗೆಯನ್ನೂ ಒಂದು ಮುದ್ದೆ ಜೋಳದ ಹಿಟ್ಟನ್ನೂ ತಂದಳು. ನಮ್ಮ ತಣ್ಣನೆಯ ಒಲೆಯ ಮುಂದೆ ಕುಳಿತು ಬಡಿಯತೊಡಗಿದಳು. ಬೆಂಕಿಯಿಲ್ಲ, ಹಂಚಿಲ್ಲ, ವಾಸನೆಯಿಲ್ಲ. ಬರೀ ಅಂಗೈಯ ಥಪ್ ಥಪ್, ನಡುನಡುವೆ ರೊಟ್ಟಿ ಹಲಗೆಯ ಮೇಲೆ ತಿರುಗುವ ಸಣ್ಣ ಸರಸರ ಸದ್ದು. ಅಗಲವಾದ ರೊಟ್ಟಿಯನ್ನು ಮಡಚಿ, ಕೈಗೆ ನೀರು ಮುಟ್ಟಿಸಿ ನಾದಿ, ಮತ್ತೆ ಬಡಿದಳು. ರೇಷನ್ನಿನ ಜೋಳವಲ್ಲವೆ, ಒಂದೇ ಮುದ್ದೆ ಹತ್ತಾರು ಸಲ ರೊಟ್ಟಿಯಾಗಿ ಹತ್ತಾರು ಸಲ ಮುದ್ದೆಯಾಯಿತು. ಸಂಜೆ ಅದನ್ನೇ ಮನೆಗೆ ಒಯ್ದು ಸುಟ್ಟುಕೊಂಡು ಉಂಡಳು.

ಒಳಗೆ ಅತ್ತೆಯ ಕೈ ಎದೆಯಿಂದ ಜಾರಿ ಹಾಸಿಗೆಯ ಮೇಲೆ ಬಿದ್ದಿತ್ತು. ಬೆಳಕಿಂಡಿಯ ಬಿಸಿಲಿನಲ್ಲಿ ತೇಲುವ ದೂಳೂ ಆ ಬಡಿತಕ್ಕೆ ಏಳುತ್ತ ಇಳಿಯುತ್ತ ಇದ್ದಂತೆ ನನಗೆ ಕಂಡಿತು.

"ಅವ್ವ ರೊಟ್ಟಿ ಬಡ್ಯಾಕತ್ತಾಳ," ಎಂದರು ಅತ್ತೆ, ಕಣ್ಣು ಮುಚ್ಚಿಯೇ. "ಕೆರಿಗೆ ಹೋಗಿ ಬರ್ತೇನಿ. ಅಷ್ಟರಾಗ ಆಗ್ತಾವು."

ಅವರ ತವರು ಮಮದಾಪುರ. ಕೆರೆಯ ದಂಡೆಗೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹುಡುಗಿ ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ನಿದ್ದೆ ಹೋದಳು.

ಆಮೇಲೆ ದಿನಾಲು ಖಾನಾವಳಿ ಮುಗಿಸಿ ಬಂದು ಕಾಕು ಕೂರುತ್ತಿದ್ದಳು. ಮಣಿಕಟ್ಟು ಬಾತಿರುತ್ತಿತ್ತು, ಎಣ್ಣೆಯ ಅರಿವೆ ಸುತ್ತಿಕೊಂಡು ಬಡಿಯುತ್ತಿದ್ದಳು. ನೋಡಲಾಗದೆ ಒಂದು ದಿನ ನಾನೇ ಹಲಗೆ ಎಳೆದುಕೊಂಡೆ. ನಾಲ್ಕು ಬಡಿತ ಬಿದ್ದಿರಬೇಕು, ಒಳಗಿನಿಂದ ಅತ್ತೆ, "ಯಾರ ಅದು, ಬಾಗಲಾ ಬಡ್ಯಾಕತ್ತಾರ?" ಎಂದರು.

"ನಿಮ್ಮ ಸೊಸಿ ರೀ ಅಕ್ಕಾರ. ಬಬಲೇಶ್ವರದ ರೊಟ್ಟಿ ಹಿಂಗನ ಇರ್ತಾವು."

ಅತ್ತೆ ನಕ್ಕರು. ಅದೂ ಒಂದು ಕೃಪೆ, ಅದನ್ನೂ ಎಣಿಸಿ ಇಟ್ಟುಕೊಂಡೆ. ನಗು ನಿಂತ ಮೇಲೆ ಅವರ ದನಿ ಮೆತ್ತಗಾಯಿತು. "ನಿನಗ ಏನೇನೋ ಅಂದೇನಿ."

"ಅಂದೀರಿ. ನಾನೂ ಅಂದೇನಿ," ಎಂದಳು ಕಾಕು, ಹಲಗೆ ತನ್ನ ಕಡೆ ಎಳೆದುಕೊಳ್ಳುತ್ತ. "ಈಗ ಸುಮ್ಮ ಮಲಗ್ರಿ, ನನ್ನ ಕೈ ತಪ್ಪತೈತಿ."

ಶ್ರಾವಣದ ಒಂದು ಸೋಮವಾರ ಮಧ್ಯಾಹ್ನ, ಆ ಸಪ್ಪಳ ನಡೆದಿರುವಾಗಲೇ, ಅತ್ತೆಯ ಉಸಿರು ನಿಂತಿತು. ಅಂಜಿದ ಮುಖವಲ್ಲ ಅದು, ಏನನ್ನೋ ಕಿವಿಗೊಟ್ಟು ಕೇಳುತ್ತಿರುವವರ ಮುಖ. ನಾನು ಬಾಗಿಲಿಗೆ ಬಂದೆ. ಕಾಕು ನನ್ನನ್ನು ನೋಡಿದಳು. ಅವಳ ಕಣ್ಣು ತುಂಬಿತು, ಕೈ ನಿಲ್ಲಲಿಲ್ಲ.

"ಇನ್ನೂ ದೂರ ಹೋಗಿರೂದಿಲ್ಲ," ಎಂದಳು. "ಕೇಳಸ್ಲಿ."

ರೊಟ್ಟಿಯ ಅಂಚು ದುಂಡಗಾಗುವವರೆಗೆ, ಮೆಲ್ಲಗೆ, ಇನ್ನೂ ಮೆಲ್ಲಗೆ ಬಡಿದಳು.

ಈಗ ಕಾಕುವೂ ಇಲ್ಲ. ಅವಳು ನೆಲ ಹಿಡಿದು ಮಲಗಿದ ಕೊನೆಯ ದಿನಗಳಲ್ಲಿ ನಾನು ಅದೇ ಹಲಗೆ ಇಟ್ಟುಕೊಂಡು ಅವಳ ಒಲೆಯ ಮುಂದೆ ಕುಳಿತೆ. ಬಹಳ ಹೊತ್ತು ಕಣ್ಣು ಮುಚ್ಚಿ ಆ ಸಪ್ಪಳ ಕೇಳಿದಳು.

"ಇನ್ನೂ ಬಾಗಲಾ ಬಡದಂಗನ ಐತಿ," ಎಂದಳು.

ನಾನು ಕೈ ಹಿಂದೆ ತೆಗೆದೆ.

"ನಿಲ್ಲಸಬ್ಯಾಡ. ಬಡಿ."